ಮಗನ ಪಗಾರ, ತಾಯಿಯ ಪಾಲು



ಪ್ರತಿ ಸಂಚಿಕೆಯಲ್ಲಿ ಜಾತ್ರೆಯ ಜಮಾ-ಖರ್ಚು, ದಾಸೋಹಕ್ಕೆ ಬಂದ ಕಾಳು-ಕಡಿಯ ವಿವರ ಬರೆಯುವುದು ಕಾರ್ಯದರ್ಶಿಯಾದ ನನ್ನ ಪಾಲಿನ ಕೆಲಸ. ಈ ಸಲ ಅದರ ಜೊತೆಗೆ ಇನ್ನೊಂದು ಲೆಕ್ಕವನ್ನು ತಮ್ಮ ಮುಂದಿಡಬೇಕೆಂದು ಮನಸ್ಸಾಗಿದೆ. ನಾನು ಪಂಡಿತನಲ್ಲ, ಪ್ರವಚನಕಾರನೂ ಅಲ್ಲ. ಬಿ.ಕಾಂ. ಓದಿ ಶ್ರೀಮಠದ ದಫ್ತರ ನೋಡಿಕೊಂಡು ಬಂದವನು. ಆದ್ದರಿಂದ ಧರ್ಮ-ಅಧರ್ಮದ ಪ್ರಶ್ನೆ ಕೂಡ ನನಗೆ ಮೊದಲು ಜಮಾ ಮತ್ತು ನಾವೆ ಎಂಬ ಎರಡು ಕಾಲಂಗಳಲ್ಲಿಯೇ ಕಾಣುತ್ತದೆ. ಇದರಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನಮ್ಮ ಔರಾದ ಶಹಾಜನಿ ಸೇರಿರುವ ಲಾತೂರ ಜಿಲ್ಲೆಯ ಜಿಲ್ಲಾ ಪರಿಷತ್ತು 2020ರ ನವೆಂಬರ ತಿಂಗಳಲ್ಲಿ ತನ್ನ ಸರ್ವಸಾಧಾರಣ ಸಭೆಯಲ್ಲಿ ಒಂದು ಠರಾವು ಪಾಸು ಮಾಡಿತು. ಪರಿಷತ್ತಿನ ನೌಕರರಲ್ಲಿ ಯಾರು ತಮ್ಮ ವೃದ್ಧ ತಂದೆ-ತಾಯಿಗಳನ್ನು ನೋಡಿಕೊಳ್ಳುವುದಿಲ್ಲವೋ ಅವರ ಪಗಾರದಲ್ಲಿ ಶೇಕಡಾ 30ರಷ್ಟು ಕಡಿದು, ಆ ಹಣವನ್ನು ನೇರವಾಗಿ ತಂದೆ-ತಾಯಿಗಳ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂಬುದೇ ಆ ಠರಾವು. ಡಿಸೆಂಬರದಿಂದ ಕಡಿತ ಆರಂಭವಾಯಿತು. 2021ರ ಫೆಬ್ರವರಿಯಲ್ಲಿ ಆಗಿನ ಅಧ್ಯಕ್ಷರಾಗಿದ್ದ ರಾಹುಲ ಬೋಂದ್ರೆಯವರು ಪತ್ರಿಕೆಗಳಿಗೆ ತಿಳಿಸಿದ ಪ್ರಕಾರ 12 ನೌಕರರ ಮೇಲೆ ದೂರು ಬಂದಿದ್ದವು; ಅವರಲ್ಲಿ 6 ಮಂದಿ ಶಿಕ್ಷಕರು. 7 ಮಂದಿಯ ಪಗಾರದಲ್ಲಿ ಕಡಿತ ಶುರುವಾಗಿತ್ತು. ಕೆಲವು ಪ್ರಕರಣಗಳಲ್ಲಿ ಮೊದಲ ನೋಟೀಸು ಮುಟ್ಟಿದೊಡನೆಯೇ ಮಗನೂ ತಂದೆ-ತಾಯಿಯೂ ತಮ್ಮತಮ್ಮಲ್ಲಿ ಒಪ್ಪಂದಕ್ಕೆ ಬಂದಿದ್ದರು.

ಈ ಸುದ್ದಿ ಬಂದ ದಿನಗಳಲ್ಲಿ ಮಠದ ಕಟ್ಟೆಯ ಮೇಲೆ ನಡೆದ ಮಾತು ನನಗೆ ಇನ್ನೂ ನೆನಪಿದೆ. ಒಬ್ಬ ನಿವೃತ್ತ ಗುರುಗಳು ಬಹಳ ನೊಂದುಕೊಂಡರು. ಅಕ್ಷರ ಕಲಿಸುವವರ ಹೆಸರು ಇಂಥ ಯಾದಿಯಲ್ಲಿ ಬರಬೇಕೇ, ಪ್ರೀತಿಯನ್ನು ಪಗಾರದ ಪತ್ರಕದಲ್ಲಿ ಕಡಿದು ಕೊಡಲು ಬರುತ್ತದೆಯೇ, ಒತ್ತಾಯದಿಂದ ಮಾಡಿದ ಸೇವೆ ಸೇವೆಯೇ ಅಲ್ಲ ಎಂದರು. ಎದುರಿಗೆ ಕುಳಿತ ಒಬ್ಬ ರೈತರು, ಎರಡು ಎಕರೆ ಒಣಬೇಸಾಯದ ಧಣಿ, ನಕ್ಕು ಹೇಳಿದರು: "ಗುರುಗಳೇ, ಪ್ರೀತಿ ಇರಲಿ ಬಿಡಲಿ, ಔಷಧದ ಅಂಗಡಿಯವ ರೊಕ್ಕಾನೇ ಕೇಳ್ತಾನ್ರಿ." ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು. ಯಾವುದು ಹೆಚ್ಚು ತೂಕದ್ದು ಎಂಬುದು ಅಂದಿನಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಬಂದಿದೆ.

ಮೊದಲು ಗುರುಗಳ ಮಾತನ್ನು ತೆಗೆದುಕೊಳ್ಳೋಣ. ಒತ್ತಾಯದ ಸೇವೆ ಸೇವೆಯಲ್ಲ ಎಂಬುದು ಕೇಳಲು ಉದಾತ್ತವಾಗಿದೆ. ಆದರೆ ಅದನ್ನು ಹೇಳುವವರು ಯಾವ ಕಡೆಯಿಂದ ನೋಡುತ್ತಿದ್ದಾರೆ ಎಂಬುದನ್ನು ವಿಚಾರಿಸಬೇಕು. ಅದು ಕೊಡುವವನ ಕಡೆಯ ಮಾತು. ಕೊಡುವವನ ಪುಣ್ಯ ಎಷ್ಟು, ಅವನ ಭಾವ ಶುದ್ಧವೋ ಅಶುದ್ಧವೋ ಎಂಬುದರ ಲೆಕ್ಕ ಅದು. ಹಸಿದು ಕುಳಿತವಳ ಕಡೆಯಿಂದ ನೋಡಿದರೆ ಪ್ರಶ್ನೆಯೇ ಬೇರೆ. ಒಬ್ಬ ಮನುಷ್ಯ ಸೊಸಾಯಿಟಿಯಿಂದ ಸಾಲ ತಂದಿದ್ದಾನೆ ಎಂದಿಟ್ಟುಕೊಳ್ಳಿರಿ. ಅವನು ಸಂತೋಷದಿಂದ ತೀರಿಸಿದರೂ ಸಾಲ ತೀರುತ್ತದೆ, ಜಪ್ತಿಯ ನೋಟೀಸು ಬಂದ ಮೇಲೆ ಗೊಣಗುತ್ತ ತೀರಿಸಿದರೂ ತೀರುತ್ತದೆ. ಗೊಣಗುತ್ತ ಕೊಡುತ್ತಾನೆ, ಆದ್ದರಿಂದ ಬೇಡವೆಂದು ಯಾವ ಸೊಸಾಯಿಟಿಯೂ ಹೇಳುವುದಿಲ್ಲ. ತಂದೆ-ತಾಯಿಗೆ ಮಕ್ಕಳು ಕೊಡುವುದು ದಾನವಾಗಿದ್ದರೆ ಗುರುಗಳ ಮಾತು ಸರಿ; ದಾನಕ್ಕೆ ಮನಸ್ಸು ಬೇಕು. ಅದು ಋಣವಾಗಿದ್ದರೆ ವಸೂಲಿಗೆ ನಾಚಿಕೆಪಡುವ ಕಾರಣವಿಲ್ಲ.

ಇನ್ನೂ ಒಂದು ಮಾತು. ದಾನ ಪಡೆಯುವವರು ತಲೆ ತಗ್ಗಿಸಬೇಕಾಗುತ್ತದೆ. ಹಕ್ಕಿನಿಂದ ಪಡೆಯುವವರು ತಗ್ಗಿಸಬೇಕಾಗಿಲ್ಲ. ಮಗ ಹಬ್ಬಕ್ಕೆ ಬಂದಾಗ ಸೊಸೆ ಕಾಣದಂತೆ ಮಡಚಿ ಕೈಯಲ್ಲಿಡುವ ಐದುನೂರರ ನೋಟಿಗಿಂತ ಪ್ರತಿ ತಿಂಗಳು ಪಾಸುಬುಕ್ಕಿನಲ್ಲಿ ಬೀಳುವ ಹಣ ಮುದುಕರಿಗೆ ಹೆಚ್ಚು ಮಾನ ಕೊಡುತ್ತದೆ. ಆದಕಾರಣ ಜಿಲ್ಲಾ ಪರಿಷತ್ತಿನ ಠರಾವನ್ನು ಪ್ರೀತಿಗೆ ಬಂದ ಅವಮಾನವೆಂದು ನಾನು ತಿಳಿಯುವುದಿಲ್ಲ. ಈ ವಿಚಾರ ನಮ್ಮ ಜಿಲ್ಲೆಯದೊಂದೇ ಅಲ್ಲ. ಆಸಾಮ ರಾಜ್ಯವು 2017ರಲ್ಲಿಯೇ ಕಾಯಿದೆ ಮಾಡಿ, ತಂದೆ-ತಾಯಿಗಳನ್ನು ಕೈಬಿಟ್ಟ ಸರಕಾರಿ ನೌಕರನ ಪಗಾರದಲ್ಲಿ ಶೇಕಡಾ 10, ಅಂಗವಿಕಲ ಒಡಹುಟ್ಟಿದವರಿದ್ದರೆ ಶೇಕಡಾ 15ರವರೆಗೆ ಕಡಿಯಬಹುದೆಂದು ಗೊತ್ತುಪಡಿಸಿತು. ದೂರದ ಸಿಂಗಾಪುರದಲ್ಲಿ 1995ರಿಂದಲೇ ಮಕ್ಕಳಿಂದ ನಿರ್ವಾಹ ವೆಚ್ಚ ಕೇಳುವ ಕಾಯಿದೆ ಇದೆ. ನಮ್ಮ ದೇಶಕ್ಕೆಲ್ಲ ಅನ್ವಯಿಸುವ ಪಾಲಕರ ಮತ್ತು ಹಿರಿಯ ನಾಗರಿಕರ ನಿರ್ವಾಹ ಹಾಗೂ ಕಲ್ಯಾಣ ಕಾಯಿದೆ 2007ರಲ್ಲಿ ಆಯಿತು.

ಇಲ್ಲಿಗೆ ಲೆಕ್ಕ ಸರಿಹೊಂದಿತು ಎಂದು ನಾನೂ ತಿಳಿದಿದ್ದೆ. ಆದರೆ ಮಠದಲ್ಲಿಯೇ ನಡೆದ ಒಂದು ಪ್ರಸಂಗದಿಂದ ಅದು ಅಷ್ಟು ಸುಲಭವಲ್ಲವೆಂದು ತಿಳಿಯಿತು. ಅದನ್ನು ಮುಚ್ಚಿಡದೆ ಬರೆಯುತ್ತೇನೆ.

ಮಧ್ಯಾಹ್ನದ ಪ್ರಸಾದದ ಪಂಕ್ತಿಯಲ್ಲಿ ದಿನಾಲು ಒಬ್ಬ ತಾಯಿ ಬಂದು ಕೂಡುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಅವರ ಊರು, ಹೆಸರು ಇಲ್ಲಿ ಬೇಡ. ಎಲ್ಲರೂ ಆಯಿ ಎಂದು ಕರೆಯುತ್ತೇವೆ. ಪ್ರಸಾದ ಮುಗಿದ ಮೇಲೆ ಸೆರಗಿನ ಕೆಳಗಿನಿಂದ ಒಂದು ಸಣ್ಣ ಡಬ್ಬಿ ತೆಗೆದು, ರಾತ್ರಿಗೆಂದು ಎರಡು ರೊಟ್ಟಿ, ಸ್ವಲ್ಪ ಬೇಳೆ ಹಾಕಿಸಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಒಬ್ಬನೇ ಮಗ, ನೌಕರಿಯಲ್ಲಿದ್ದಾನೆ, ತಿಂಗಳಿಗೆ ತಪ್ಪದ ಪಗಾರ, ಬೇರೆ ಊರಲ್ಲಿ ಮನೆ ಕಟ್ಟಿಸಿಕೊಂಡಿದ್ದಾನೆ. ಆ ಮಗ ನಮ್ಮ ಮಠದ ಭಕ್ತನೂ ಹೌದು. ಪ್ರತಿ ಜಾತ್ರೆಗೆ 5,001 ರೂಪಾಯಿ ಕಾಣಿಕೆ ಕೊಡುತ್ತಿದ್ದ. ಅದರ ಪಾವತಿಯನ್ನು ನನ್ನ ಕೈಯಿಂದಲೇ ಹರಿದು ಕೊಟ್ಟಿದ್ದೇನೆ. ದಾನಿಗಳ ಬೋರ್ಡಿನ ಮೇಲೆ ಅವನ ಹೆಸರು ವರ್ಷ ವರ್ಷವೂ ಬರುತ್ತಿತ್ತು. ಆಯಿಗೆ ಅಕ್ಷರ ಬರುವುದಿಲ್ಲ. ಜಾತ್ರೆ ಮುಗಿದ ಮೇಲೆ ಒಂದು ದಿನ ನನ್ನನ್ನು ಬೋರ್ಡಿನ ಮುಂದೆ ಕರೆದು, "ತಮ್ಮಾ, ನನ್ನ ಮಗನ ಹೆಸರು ಎಲ್ಲಿ ಅದ ತೋರ್ಸು" ಎನ್ನುತ್ತಿದ್ದರು. ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಅವರು ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಪ್ರಸಾದಕ್ಕೆ ಹೋಗುತ್ತಿದ್ದರು.

ಇದನ್ನು ನಾನು ಎಷ್ಟೋ ವರ್ಷ ನೋಡಿದೆ. ನೋಡಿದರೂ ಲೆಕ್ಕ ಕೂಡಿಸಲಿಲ್ಲ. ಜಿಲ್ಲಾ ಪರಿಷತ್ತಿನ ಸುದ್ದಿ ಓದಿದ ಮೇಲೆ, 5,001 ರೂಪಾಯಿ ಯಾರ ಖಾತೆಗೆ ಸೇರಬೇಕಾದ ಹಣ, ಯಾರ ಖಾತೆಗೆ ಜಮಾ ಆಗುತ್ತಿದೆ ಎಂಬ ಪ್ರಶ್ನೆ ಎದ್ದಿತು. ಅದಕ್ಕಿಂತ ಕಹಿಯಾದ ಪ್ರಶ್ನೆ ಇನ್ನೊಂದಿತ್ತು. ಪಂಕ್ತಿಯಲ್ಲಿ ಯಾರನ್ನೂ ನೀನು ಯಾರೆಂದು ಕೇಳದೆ ಊಟಕ್ಕೆ ಬಡಿಸುವುದು ದಾಸೋಹದ ದೊಡ್ಡ ಗುಣ. ಅದೇ ಗುಣವು ಆ ಮಗನಿಗೆ ಅನುಕೂಲವಾಗಿತ್ತು. ಮಠವಿದೆ, ಅವ್ವ ಉಪವಾಸ ಇರುವುದಿಲ್ಲ ಎಂಬ ಧೈರ್ಯದ ಮೇಲೆ ಅವನು ನಿಶ್ಚಿಂತನಾಗಿದ್ದ. ನಾವು ಅವನ ಋಣವನ್ನು ತೀರಿಸುತ್ತಿದ್ದೆವು, ಮೇಲಾಗಿ ಅವನಿಗೆ ದಾನಿ ಎಂಬ ಹೆಸರನ್ನೂ ಕೊಡುತ್ತಿದ್ದೆವು.

ನನಗೆ ತಿಳಿದ ಉಪಾಯ ಕಾಗದದ್ದು. 2007ರ ಕಾಯಿದೆಯ ಪ್ರಕಾರ ಒಂದು ಅರ್ಜಿ ಬರೆದೆ. ಈ ಕಾಯಿದೆಯ ಮುಖ್ಯ ಸಂಗತಿಗಳನ್ನು ಭಕ್ತರು ತಿಳಿದಿರಬೇಕಾದ್ದರಿಂದ ಇಲ್ಲಿಯೇ ಹೇಳುತ್ತೇನೆ. 60 ವರ್ಷ ತುಂಬಿದವರು, ಅಷ್ಟು ವಯಸ್ಸಾಗದಿದ್ದರೂ ತಂದೆ-ತಾಯಿಯಾದವರು, ತಮ್ಮ ಉತ್ಪನ್ನದಿಂದ ನಿರ್ವಾಹ ಆಗದಿದ್ದರೆ ಮಕ್ಕಳಿಂದ ನಿರ್ವಾಹ ವೆಚ್ಚ ಕೇಳಬಹುದು. ಮಗ ಅಷ್ಟೇ ಅಲ್ಲ, ಮಗಳು, ವಯಸ್ಕ ಮೊಮ್ಮಕ್ಕಳು ಕೂಡ ಇದರಲ್ಲಿ ಬರುತ್ತಾರೆ. ಅರ್ಜಿಯನ್ನು ವಿಚಾರಿಸುವವರು ಪ್ರಾಂತ ಸಾಹೇಬರೆಂದು ನಾವು ಕರೆಯುವ ಉಪವಿಭಾಗಾಧಿಕಾರಿಗಳು. ನಮ್ಮ ಕಡೆಯವರಿಗೆ ನಿಲಂಗಾ ಇಲ್ಲವೆ ಉದಗೀರ. ವಕೀಲರನ್ನು ಹಚ್ಚುವ ಅವಶ್ಯಕತೆ ಇಲ್ಲ, ಹಚ್ಚಲು ಅವಕಾಶವನ್ನೂ ಕಾಯಿದೆ ಕೊಟ್ಟಿಲ್ಲ. ನೋಟೀಸು ಮುಟ್ಟಿದ 90 ದಿನಗಳೊಳಗೆ ತೀರ್ಮಾನವಾಗಬೇಕು. ಕೇಂದ್ರ ಕಾಯಿದೆಯಲ್ಲಿ ಕೊಡಿಸಬಹುದಾದ ಮಿತಿ ತಿಂಗಳಿಗೆ 10,000 ರೂಪಾಯಿ. ಹಿರಿಯರನ್ನು ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಕಾರಾಗೃಹ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಗಡಿನಾಡಿನವರಾದ ನಮಗೆ ಇದರಲ್ಲಿ ಎರಡು ವಿಶೇಷ ಉಪಯೋಗಗಳಿವೆ. ತಾಯಿ ನಿಲಂಗಾ ತಾಲೂಕಿನಲ್ಲಿ, ಮಗ ಭಾಲ್ಕಿಯಲ್ಲಿಯೋ ಬಸವಕಲ್ಯಾಣದಲ್ಲಿಯೋ ಇದ್ದರೂ ಅರ್ಜಿಗೆ ಅಡ್ಡಿಯಿಲ್ಲ. ತಾನಿರುವ ಜಿಲ್ಲೆಯಲ್ಲಾದರೂ ಕೊಡಬಹುದು, ಮಗನಿರುವ ಜಿಲ್ಲೆಯಲ್ಲಾದರೂ ಕೊಡಬಹುದು. ಎರಡನೆಯದು ಹೊಲ-ಮನೆಯ ವಿಷಯ. ಮಗನ ಹೆಸರಿಗೆ ಬಕ್ಷೀಸಪತ್ರ ಮಾಡಿಕೊಡುವಾಗ, ನನ್ನ ಊಟ-ಬಟ್ಟೆ, ಔಷಧೋಪಚಾರ ಇವನೇ ನೋಡಿಕೊಳ್ಳಬೇಕೆಂಬ ಕರಾರನ್ನು ಆ ಪತ್ರದಲ್ಲಿಯೇ ಬರೆಸಿರಿ. ಅವನು ನಡೆಸದೆ ಹೋದರೆ ಆ ಪತ್ರವನ್ನು ರದ್ದುಪಡಿಸಿಕೊಳ್ಳಲು ಕಾಯಿದೆಯಲ್ಲಿ ದಾರಿ ಇದೆ. ಸಾತ್-ಬಾರಾ ಉತಾರೆಯ ಮೇಲಿನ ಹೆಸರು ಹೋದ ಮೇಲೆ ಮನೆಯಲ್ಲಿಯ ಹೆಸರೂ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ.

ಈಗ ಆಯಿಯ ಅರ್ಜಿಗೆ ಬರೋಣ. ಮರಾಠಿಯಲ್ಲಿ ಚೊಕ್ಕಟವಾಗಿ ಬರೆದು, ಹೆಬ್ಬೆಟ್ಟಿಗೆ ಶಾಯಿ ಪ್ಯಾಡು ಇಟ್ಟುಕೊಂಡು ಅವರನ್ನು ದಫ್ತರಕ್ಕೆ ಕರೆದೆ. ಓದಿ ಹೇಳೆಂದರು. ಕನ್ನಡದಲ್ಲಿ ಓದಿ ಹೇಳಿದೆ. ಮಗನ ಹೆಸರು ಬಂದಲ್ಲಿ ಕೈ ಹಿಂದಕ್ಕೆ ತೆಗೆದುಕೊಂಡರು. "ಬ್ಯಾಡ ತಮ್ಮಾ. ಬೋರ್ಡಿನ ಮ್ಯಾಲಿದ್ದ ಹೆಸರು ಕಚೇರಿ ಕಾಗದದಾಗ ಬರಬಾರದು. ನಾ ಇನ್ನೆಷ್ಟು ದಿನಾ ಇರಾಕಿ? ಅವನು ಇನ್ನೂ ನೌಕರಿ ಮಾಡೋನು" ಎಂದರು. ನಾನು ಎಷ್ಟು ತಿಳಿಸಿ ಹೇಳಿದರೂ ಒಪ್ಪಲಿಲ್ಲ. ಹೆಬ್ಬೆಟ್ಟು ಒತ್ತಲಿಲ್ಲ. ಡಬ್ಬಿ ತೆಗೆದುಕೊಂಡು ಹೋದರು.

ಆ ದಿನ ನನಗೆ ತಿಳಿದದ್ದು ಇಷ್ಟು. ಠರಾವು ಆಗಲಿ, ಕಾಯಿದೆ ಆಗಲಿ, ದೂರಿನಿಂದ ಆರಂಭವಾಗುತ್ತದೆ. ದೂರು ಕೊಡಬೇಕಾದವಳು ಯಾರು? ಯಾರ ಮೇಲೆ ದೂರು ಕೊಡಲು ಅವಳಿಗೆ ಎಲ್ಲಕ್ಕಿಂತ ಕಷ್ಟವೋ, ಅವನ ಮೇಲೆಯೇ ದೂರು ಕೊಡಬೇಕಾದ ತಾಯಿ. ಲಾತೂರದಲ್ಲಿ ಬಂದ ದೂರು 12. ಈ ಅಂಕಿಯನ್ನು ಓದಿ, ಅಷ್ಟು ದೊಡ್ಡ ನೌಕರವರ್ಗದಲ್ಲಿ ಕೇವಲ 12 ಮಂದಿಯೇ ಇಂಥವರು ಎಂದು ಸಮಾಧಾನಪಡುವವರು ಉಂಟು. ನಾನು ಹಾಗೆ ತಿಳಿಯಲಾರೆ. ಹೆಬ್ಬೆಟ್ಟು ಒತ್ತಿದವರು 12 ಮನೆಯವರು ಎಂದಷ್ಟೇ ಅದರ ಅರ್ಥ. ಕೈ ಹಿಂದಕ್ಕೆ ತೆಗೆದುಕೊಂಡವರ ಲೆಕ್ಕ ಯಾವ ದಫ್ತರದಲ್ಲಿಯೂ ಇಲ್ಲ.

ಹೀಗೆಂದು ಠರಾವು ವ್ಯರ್ಥವೆನ್ನುವುದು ತಪ್ಪು. ನೋಟೀಸಿನಿಂದಲೇ ಕೆಲವು ಮನೆಗಳು ಸರಿಯಾದವಲ್ಲ, ಅದು ಸಣ್ಣ ಫಲವಲ್ಲ. ಆದರೆ ಅದರ ಕೈ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನೂ ನೋಡಬೇಕು. ಪಗಾರವಿದ್ದವನಿಂದ ಕಡಿಯಬಹುದು. ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದ ಹೆಚ್ಚಿನ ಮನೆಗಳಲ್ಲಿ ಪಗಾರವೇ ಇಲ್ಲ. ಸೋಯಾಬೀನಿನ ದರ ಬಿದ್ದ ವರ್ಷ, ತೊಗರಿ ಕೈಕೊಟ್ಟ ವರ್ಷ, ಮಗ-ಸೊಸೆ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ. ಅಲ್ಲಿ ಗಾರೆ ಕೆಲಸ ಮಾಡುವವನ ಯಾವ ಪತ್ರಕದಲ್ಲಿ ಶೇಕಡಾ 30 ಕಡಿಯಬೇಕು? ಅವನು ಕೈಬಿಟ್ಟವನಲ್ಲ, ಕೈ ಸಾಲದವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇಂಥ ಮನೆಗಳಿಗೆ ಸರಕಾರದ ನಿರಾಧಾರ ಯೋಜನೆಗಳಿವೆ. ಮಹಾರಾಷ್ಟ್ರದಲ್ಲಿ 65 ವರ್ಷದೊಳಗಿನ ನಿರಾಧಾರರಿಗೆ ಸಂಜಯ ಗಾಂಧಿ ಯೋಜನೆ, ಅದಕ್ಕೆ ಮೇಲ್ಪಟ್ಟವರಿಗೆ ಶ್ರಾವಣಬಾಳ ಯೋಜನೆ. 2023ರಲ್ಲಿ ಇದರ ಮೊತ್ತವನ್ನು 1,000ದಿಂದ 1,500 ರೂಪಾಯಿಗೆ ಏರಿಸಿದರು. ದಿನಕ್ಕೆ 50 ರೂಪಾಯಿ ಆಯಿತು. ಪಡೆಯಬೇಕಾದರೆ ಕುಟುಂಬದ ವಾರ್ಷಿಕ ಉತ್ಪನ್ನ 21,000 ರೂಪಾಯಿಯೊಳಗೆ ಇರಬೇಕು. ಎಂದರೆ ತಿಂಗಳಿಗೆ 1,750. ಕುಟುಂಬದ ಉತ್ಪನ್ನ ಎಂಬ ಆ ಮಾತಿನಲ್ಲಿಯೇ ಆಯಿಯಂಥವರ ಕಷ್ಟವಿದೆ. ಮಗನ ಪಗಾರವನ್ನು ಕುಟುಂಬದ ಉತ್ಪನ್ನದಲ್ಲಿ ಹಿಡಿದರೆ ತಾಯಿಗೆ ಯೋಜನೆ ಸಿಗುವುದಿಲ್ಲ. ಹಿಡಿದ ಆ ಪಗಾರದಲ್ಲಿ ಒಂದು ರೂಪಾಯಿಯೂ ಅವಳ ಕೈಗೆ ಬರುವುದಿಲ್ಲ. ಕಾಗದದ ಮೇಲೆ ಅವಳು ಪಗಾರದಾರನ ತಾಯಿ, ಪಂಕ್ತಿಯಲ್ಲಿ ಅವಳು ನಿರಾಧಾರಳು.

ಹಾಗಾದರೆ ಸ್ಥಾನಿಕ ಸಂಸ್ಥೆಗಳು ಮಾಡಬೇಕಾದುದೇನು? ಈ ಪ್ರಶ್ನೆಯನ್ನು ಬೇರೆ ಕಡೆಯವರು ಹೇಗೆ ಬಿಡಿಸಿದ್ದಾರೆಂದು ಸ್ವಲ್ಪ ಓದಿ ನೋಡಿದೆ. ಇಂಗ್ಲಂಡದಲ್ಲಿ 2014ರಲ್ಲಿ ಒಂದು ಆರೈಕೆಯ ಕಾಯಿದೆಯಾಗಿ 2015ರ ಏಪ್ರಿಲದಿಂದ ಜಾರಿಗೆ ಬಂದಿತು. ಯಾವ ವಯಸ್ಕ ಮನುಷ್ಯನಿಗಾದರೂ ಆರೈಕೆ ಬೇಕಾಗಿರುವಂತೆ ಕಂಡುಬಂದರೆ ಸ್ಥಳೀಯ ಕೌನ್ಸಿಲು ತಾನಾಗಿ ಅವನ ಅವಶ್ಯಕತೆಯನ್ನು ಪರೀಕ್ಷಿಸಬೇಕು. ಅವನಲ್ಲಿ ಹಣವಿದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆಯಲ್ಲ. ಯಾರ ಮೇಲೂ ದೂರು ಕೊಡಬೇಕಾಗಿಲ್ಲ. ಆದರೆ ಅಲ್ಲಿಯೂ ಎಲ್ಲ ಸುಸೂತ್ರವಾಗಿಲ್ಲ. ಒಬ್ಬ ಮನುಷ್ಯ ಜೀವಮಾನದಲ್ಲಿ ಆರೈಕೆಗಾಗಿ ಕೊಡಬೇಕಾದ ಹಣಕ್ಕೆ ಮಿತಿ ಹಾಕುತ್ತೇವೆಂದು ಕಾಯಿದೆಯಲ್ಲಿ ಬರೆದದ್ದನ್ನು 2015ರಲ್ಲಿ ಮುಂದೂಡಿ, 2024ರ ಜುಲೈಯಲ್ಲಿ ಪೂರ್ತಿ ಕೈಬಿಟ್ಟರು. ಶ್ರೀಮಂತ ದೇಶದಲ್ಲಿಯೂ ಕಾಯಿದೆ ಪುಸ್ತಕದಲ್ಲಿ ಉಳಿದು ಹಣ ತಿಜೋರಿಯಲ್ಲಿ ಉಳಿಯುವುದುಂಟು.

ನಮಗೆ ಹತ್ತಿರದ ಪಾಠ ಕೇರಳದ್ದು. ಅಲ್ಲಿ 2008ರಲ್ಲಿ ರಾಜ್ಯ ಸರಕಾರ ಉಪಶಮನ ಚಿಕಿತ್ಸೆಯ ಧೋರಣೆ ಪ್ರಕಟಿಸಿತು. ಹಾಸಿಗೆ ಹಿಡಿದವರ, ಬೇನೆಯಿಂದ ಬಳಲುವವರ ಮನೆಗೆ ಗ್ರಾಮ ಪಂಚಾಯತಿಯ ವತಿಯಿಂದ ದಾದಿ ಹೋಗುತ್ತಾಳೆ. ಹುಣ್ಣು ತೊಳೆಯುತ್ತಾಳೆ, ಔಷಧ ಕೊಡುತ್ತಾಳೆ, ಮನೆಯವರಿಗೆ ಹೊರಳಿಸುವ ರೀತಿ ಕಲಿಸುತ್ತಾಳೆ. ನೆರೆಹೊರೆಯ ಸ್ವಯಂಸೇವಕರು ಜೊತೆಗಿರುತ್ತಾರೆ. ಮೊದಲು ಮಲಪ್ಪುರಂ, ಕೋಳಿಕ್ಕೋಡ ಭಾಗದಲ್ಲಿ ಊರವರೇ ಸೇರಿ ನಡೆಸಿದ ಕೆಲಸವನ್ನು ನಂತರ ಪಂಚಾಯತಿಗಳು ತಮ್ಮದಾಗಿ ಮಾಡಿಕೊಂಡವು. ಇದರಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಮುದುಕರು ಕಚೇರಿಗೆ ಬರುವುದಿಲ್ಲ, ಪಂಚಾಯತಿ ಮುದುಕರ ಮನೆಗೆ ಹೋಗುತ್ತದೆ.

ಇದು ನಮ್ಮ ಪಂಚಾಯತಿಗಳ ಅಧಿಕಾರದ ಹೊರಗಿನ ಕೆಲಸವಲ್ಲ. 1993ರ ಏಪ್ರಿಲ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ; ಅಂಗವಿಕಲರ ಹಿತವೂ ಕೂಡಿದ ಸಮಾಜಕಲ್ಯಾಣ ಅದರಲ್ಲಿ ಒಂದು. ಮಹಾರಾಷ್ಟ್ರದಲ್ಲಿ ಗ್ರಾಮ ಪಂಚಾಯತಿಗಳು ಸ್ವಂತ ಉತ್ಪನ್ನದ ಶೇಕಡಾ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕೆಂಬ ನಿಯಮವೂ ಇದೆ. 2007ರ ಕಾಯಿದೆಯಲ್ಲಿಯೂ, ಯಾರೂ ಅರ್ಜಿ ಕೊಡದಿದ್ದರೆ ಅಧಿಕಾರಿ ತಾನಾಗಿ ಪ್ರಕರಣ ಕೈಗೆತ್ತಿಕೊಳ್ಳಬಹುದು. ವಿಚಾರಣೆಗೆ ಮೊದಲು ಸಮಾಧಾನ ಮಾಡಿಸುವವರ ಕಡೆಗೆ ಕಳಿಸಲೂಬಹುದು. ಬಾಗಿಲು ಇದೆ. ಬಾಗಿಲು ತಟ್ಟುವವರು ಬೇಕು. ಲಾತೂರದ ಆ ಸಭೆಯ ಅವಧಿ 2022ರ ಮಾರ್ಚದಲ್ಲಿ ಮುಗಿದು ಪರಿಷತ್ತು ಆಡಳಿತಗಾರರ ಕೈಗೆ ಹೋಯಿತು. ಠರಾವು ಮಾಡಿದವರು ಮನೆಗೆ ಹೋದರೂ ಠರಾವು ಪುಸ್ತಕದಲ್ಲಿರುತ್ತದೆ. ಅದನ್ನು ತೆರೆದು ಏನಾಯಿತೆಂದು ಕೇಳುವ ಜನ ಊರಲ್ಲಿರಬೇಕು.

ಊರಲ್ಲಿರುವವರು ಯಾರು? ನಾವೇ. ಆದ್ದರಿಂದ ಮಠದ ಪಂಚಕಮಿಟಿಯಲ್ಲಿ ಆಯಿಯ ವಿಷಯ ಇಟ್ಟೆ. ಚರ್ಚೆ ಸಿಹಿಯಾಗಿರಲಿಲ್ಲ. ದಾನಿಗಳ ಮನೆಯ ಒಳಗಿನ ವಿಚಾರ ನಮಗೇಕೆ, ನಾಳೆ ಪಾವತಿ ಹರಿಯುವ ಮೊದಲು ಎಲ್ಲರ ತಂದೆ-ತಾಯಿಯನ್ನು ಕರೆದು ಸಾಕ್ಷಿ ಕೇಳುವಿರಾ ಎಂದು ಒಬ್ಬ ಸದಸ್ಯರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಎಲ್ಲರನ್ನೂ ಕೇಳಲು ಬರುವುದಿಲ್ಲ, ಕೇಳಬಾರದು ಕೂಡ. ಆದರೆ ನಮ್ಮ ಕಣ್ಣೆದುರಿಗೆ ದಿನಾಲು ಕಾಣುವುದನ್ನು ಕಾಣಲಿಲ್ಲವೆಂದು ಹೇಗೆ ಬರೆಯಲಿ ಎಂದೆ. ಕೊನೆಗೆ ನಿಯಮವೇನೂ ಮಾಡಲಿಲ್ಲ. ಒಬ್ಬ ಹಿರಿಯರನ್ನು ಕರೆದುಕೊಂಡು ನಾನು ಹೋಗಿ ಮಾತನಾಡಿ ಬರುವುದೆಂದು ಗೊತ್ತಾಯಿತು.

ಹೋದೆವು. ಆ ಮಗ ರಾಕ್ಷಸನೇನೂ ಅಲ್ಲ. ಮನೆ ಸಾಲದ ಹಪ್ತೆ, ಮಕ್ಕಳ ಫೀಯ ಲೆಕ್ಕ ಹೇಳಿದ. "ಅವ್ವ ಬಂದು ಇಲ್ಲೇ ಇರಲಿ, ಯಾರು ಬ್ಯಾಡ ಅಂದಾರ?" ಎಂದ. ಒಳಗಿನಿಂದ ಅವನ ಹೆಂಡತಿ ಬಂದು ಹೇಳಿದ ಮಾತು ನಮಗೆ ಉತ್ತರ ಕೊಡಲು ಬರಲಿಲ್ಲ. "ಅಣ್ಣಾರೆ, ಅತ್ತಿಯವರು ಬಂದರ ಮಾಡಾಕಿ ನಾನೇ. ನಾನೂ ಹೊರಗ ದುಡಿದು ಬರ್ತೀನಿ. ಇವರು ತಮ್ಮ ಊಟದ ತಾಟು ಸೈತ ಎತ್ತಂಗಿಲ್ಲ. ಕಾಯಿದೆ ಇವರ ಪಗಾರ ಕಡೀತದ, ನನ್ನ ಕೈಯಿಂದ ಮಾಡಸ್ತದ." ಆ ಸೊಸೆಯ ಮಾತು ಯಾವ ಠರಾವಿನಲ್ಲಿಯೂ ಬಂದಿಲ್ಲ. ತಾಯಿಯ ಋಣ ಮಗನದು, ತೀರಿಸುವ ಮೈ ಸೊಸೆಯದು ಎಂಬ ನಮ್ಮ ಹಳೆಯ ಪದ್ಧತಿಯಲ್ಲಿಯೇ ದೋಷವಿದೆ. ಗಂಡುಮಕ್ಕಳು ಹಣದ ಜೊತೆಗೆ ಕೈಯನ್ನೂ ಕೊಡಬೇಕು. ಇದನ್ನು ಓದುವ ಗಂಡಸರು, ನಾನೂ ಕೂಡಿ, ತಮ್ಮ ಮನೆಯಲ್ಲಿ ಒಮ್ಮೆ ನೋಡಿಕೊಳ್ಳಬೇಕು.

ಅಂದು ಮಗ ತಿಂಗಳಿಗೆ 4,000 ರೂಪಾಯಿ ಆಯಿಯ ಖಾತೆಗೆ ಹಾಕಲು ಒಪ್ಪಿದ. ಅದು ನಡೆದುಬಂದಿದೆ. ಅದು ಒಂದು ಹದಕ್ಕೆ ಬರುವವರೆಗೆ ಜಾತ್ರೆಯ ಕಾಣಿಕೆ ಬೇಡವೆಂದು ನಾವು ಹೇಳಿದೆವು, ಅವನೂ ಕೊಡಲಿಲ್ಲ. ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ಬರೆಯಬಹುದಿತ್ತು. ಆದರೆ ಆ ವರ್ಷದ ಜಾತ್ರೆ ಮುಗಿದ ಮೇಲೆ ಆಯಿ ಎಂದಿನಂತೆ ನನ್ನನ್ನು ಬೋರ್ಡಿನ ಮುಂದೆ ಕರೆದರು. "ತಮ್ಮಾ, ನನ್ನ ಮಗನ ಹೆಸರು ಎಲ್ಲಿ ಅದ?" ಎಂದರು. ಬೋರ್ಡು ಇನ್ನೂ ಪೂರ್ತಿ ಬರೆಸಿಲ್ಲ ಆಯಿ ಎಂದೆ. ಸುಳ್ಳು ಹೇಳಿದೆ. ಅವರು ಸ್ವಲ್ಪ ಹೊತ್ತು ನಿಂತು ನೋಡಿ ಪ್ರಸಾದಕ್ಕೆ ಹೋದರು. ಈಗಲೂ ಬರುತ್ತಾರೆ. ಹಣ ಬಂದರೂ ಒಬ್ಬರೇ ಕೂತು ಉಣ್ಣಲು ಬೇಸರವಂತೆ.

ಆ ತಾಯಿಯ ಹಕ್ಕನ್ನು ಕೊಡಿಸುವಾಗ ಅವಳ ಅಭಿಮಾನದ ಒಂದು ಸಾಲನ್ನು ನಾವು ಅಳಿಸಿದೆವು. ಇದು ತಪ್ಪಾಯಿತೇ ಎಂದು ಬಹಳ ಸಲ ವಿಚಾರಿಸಿದ್ದೇನೆ. ತಪ್ಪಲ್ಲವೆಂದೇ ನನ್ನ ನಂಬಿಕೆ. ಆದರೆ ಖರ್ಚಿಲ್ಲದೆ ಆಗಲಿಲ್ಲ ಎಂಬುದನ್ನೂ ಬರೆದಿಡಬೇಕು. ನಾವು ಮೊದಲೇ ಎಚ್ಚರಿದ್ದು, ಅವರು ಡಬ್ಬಿ ತಂದ ಮೊದಲನೆಯ ದಿನವೇ ಮಗನ ಮನೆಗೆ ಹೋಗಿದ್ದರೆ ಬೋರ್ಡಿನ ಮಾತೇ ಬರುತ್ತಿರಲಿಲ್ಲ. ಜಿಲ್ಲಾ ಪರಿಷತ್ತು, ನ್ಯಾಯಮಂಡಳಿ, ತಹಸೀಲ ಕಚೇರಿ ಎಲ್ಲವೂ ಕೊನೆಯ ಉಪಾಯಗಳು. ಅವು ಹಣವನ್ನು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಸಾಗಿಸಬಲ್ಲವು, ಸಾಗಿಸಲೇಬೇಕು. ತಾಯಿಯು ತನ್ನ ಮಗನ ಮೇಲೆ ಹೆಬ್ಬೆಟ್ಟು ಒತ್ತುವ ಪ್ರಸಂಗ ಬಾರದಂತೆ ಮೊದಲೇ ನೋಡುವ ಕೆಲಸ ನೆರೆಮನೆಯವರದು, ಗ್ರಾಮಸಭೆಯದು, ಮಠದ್ದು.

ಆದಕಾರಣ ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ. 26 ಜನವರಿ, 1 ಮೇ, 15 ಆಗಸ್ಟ, 2 ಅಕ್ಟೋಬರದ ಗ್ರಾಮಸಭೆಗಳಿಗೆ ತಪ್ಪದೆ ಹೋಗಿರಿ. ನಮ್ಮ ಊರಲ್ಲಿ ಒಬ್ಬರೇ ಇರುವ ಮುದುಕರು ಎಷ್ಟು ಮಂದಿ, ಹಾಸಿಗೆ ಹಿಡಿದವರು ಎಷ್ಟು ಮಂದಿ ಎಂಬ ಯಾದಿಯನ್ನು ಗ್ರಾಮಸೇವಕರಲ್ಲಿ ಕೇಳಿರಿ, ಇಲ್ಲದಿದ್ದರೆ ಮಾಡಿಸಿರಿ. ಶೇಕಡಾ 5ರ ನಿಧಿ ಎಲ್ಲಿ ಹೋಯಿತೆಂದು ವಿಚಾರಿಸಿರಿ. ನಿರಾಧಾರ ಯೋಜನೆಯ ಕಾಗದಪತ್ರ, ನ್ಯಾಯಮಂಡಳಿಯ ಅರ್ಜಿ ಬರೆಯಿಸಬೇಕಾದವರು ಸೋಮವಾರ ಬಿಟ್ಟು ಯಾವ ದಿನವಾದರೂ ಮಠದ ದಫ್ತರಕ್ಕೆ ಬರಬಹುದು. ಬರೆದುಕೊಡಲು ಏನೂ ತೆಗೆದುಕೊಳ್ಳುವುದಿಲ್ಲ. 2021ರಿಂದ ಹಿರಿಯ ನಾಗರಿಕರಿಗಾಗಿ ದೇಶಕ್ಕೆಲ್ಲ 14567 ಎಂಬ ದೂರವಾಣಿ ಇದೆ, ಅದಕ್ಕೂ ಹಣ ಬೀಳುವುದಿಲ್ಲ.

ಇನ್ನೊಂದು ವಿನಂತಿ. ತಮ್ಮ ಓಣಿಯ ಮುದುಕರೊಬ್ಬರು ಹೊಸದಾಗಿ ಪ್ರಸಾದದ ಪಂಕ್ತಿಗೆ ಬರತೊಡಗಿದ್ದಾರೆ ಎಂದು ಕಂಡರೆ ನನಗೆ ತಿಳಿಸಿರಿ. ಅವರನ್ನು ಯಾರೂ ಏನೂ ಕೇಳುವುದಿಲ್ಲ, ಎಂದಿನಂತೆ ಬಡಿಸುತ್ತೇವೆ. ಕೇಳಬೇಕಾದವರನ್ನು ನಾವು ಹೋಗಿ ಕೇಳುತ್ತೇವೆ. ಈ ವರ್ಷದ ಪಾವತಿ ಪುಸ್ತಕ ಬಂದಿದೆ. ಕಾಣಿಕೆ ಕೊಡಲು ಬರುವ ಪ್ರತಿಯೊಬ್ಬರನ್ನೂ "ಮನೆಯಲ್ಲಿ ಹಿರಿಯರು ಆರಾಮ ಇದ್ದಾರೆಯೇ?" ಎಂದು ಕೇಳಿಯೇ ಪಾವತಿ ಬರೆಯಬೇಕೆಂದು ಮಾಡಿದ್ದೇನೆ. ಸಾಕ್ಷಿ ಬೇಕಿಲ್ಲ. ಉತ್ತರ ತಮ್ಮ ಮನಸ್ಸಿಗೆ ಬಿಟ್ಟದ್ದು.



ಕಾರ್ಯದರ್ಶಿ
ಔರಾದ ಶಹಾಜನಿ